ಚೌಕ ಮೀಮಾಂಸೆ: ‘ತಾರೆಗಳ ರಾತ್ರಿ’ಯ ಒಂಬತ್ತನೇ ಬಿ ಪಾಠಾಂತರ

ವಿನ್ಸೆಂಟ್ ವ್ಯಾನ್ ಗೋ 1889ರ ಜೂನ್‌ನಲ್ಲಿ, ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ಬರೆದ ‘ತಾರೆಗಳ ರಾತ್ರಿ’ಗೆ ವಿದ್ವಾಂಸರು ಇದುವರೆಗೆ ಒಂದೇ ಪ್ರತಿಯನ್ನು ನೆಚ್ಚಿಕೊಂಡಿದ್ದರು. ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ (ಮುಂದೆ ‘ನ್ಯೂ’). ಈಗ ನಮ್ಮ ತಾಲ್ಲೂಕಿನ ಪ್ರೌಢಶಾಲೆಯೊಂದರ ಪಡಸಾಲೆಯಲ್ಲಿ ಎರಡನೆಯದು ದೊರೆತಿದೆ (ಮುಂದೆ ‘ಬಿ’). ‘ನ್ಯೂ’ ಏಕಕರ್ತೃಕ, ‘ಬಿ’ಗೆ 48 ಮಂದಿ ಲಿಪಿಕಾರರು. ಒಬ್ಬನೇ ಸಾಕ್ಷಿಯ ಮೊಕದ್ದಮೆ ಎಷ್ಟು ದಿನ ನಿಂತೀತು? ‘ಬಿ’ಯೇ ಶುದ್ಧಪಾಠವೆಂಬುದು ನಮ್ಮ ಪ್ರತಿಜ್ಞೆ.

ರಚನಾಕ್ರಮ ಹೀಗೆ. ಡ್ರಾಯಿಂಗ್ ಮೇಷ್ಟ್ರು ಕ್ಯಾಲೆಂಡರಿನ ಚಿತ್ರದ ಮೇಲೆ ಅಡ್ಡಕ್ಕೆ ಎಂಟು, ಉದ್ದಕ್ಕೆ ಆರು ಮನೆಗಳ ಚೌಕಳಿ ಎಳೆದು, ಹಾಜರಿ ಪುಸ್ತಕದ ಕ್ರಮದಲ್ಲಿ ಮನೆಗೊಬ್ಬ ವಿದ್ಯಾರ್ಥಿಯಂತೆ, ಒಬ್ಬರಿಗೊಂದು ಹಾಳೆಯಂತೆ ಹಂಚಿದರು. ಚೌಕ ಹಾಕಿ ಬರೆಯುವುದು ಕಳ್ಳದಾರಿ ಎಂಬ ಪೂರ್ವಪಕ್ಷವುಂಟು. ಆದರೆ ಪ್ರಾಚೀನ ಈಜಿಪ್ಟಿನವರು ನಿಂತ ಮನುಷ್ಯನನ್ನು 18 ಚೌಕಗಳಲ್ಲಿ ಕೂರಿಸುತ್ತಿದ್ದರು. ಸ್ವತಃ ವ್ಯಾನ್ ಗೋ 1887ರಲ್ಲಿ ಪತ್ರಿಕೆಯೊಂದರ ಮುಖಪುಟದಲ್ಲಿದ್ದ ಜಪಾನಿ ವೇಶ್ಯೆಯ ಚಿತ್ರವನ್ನು ಚೌಕಳಿಯಿಂದಲೇ ಹಿಗ್ಗಿಸಿಕೊಂಡ. ಮೇಷ್ಟ್ರದು ಸಂಪ್ರದಾಯ; ಅವರು ಆಮೇಲೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದು ಬೇರೆ ವಿಷಯ.

ಮೊದಲನೆಯ ಹಾಳೆಯಿಂದ ಎಂಟನೆಯದರವರೆಗೆ ಆಕಾಶದ ಮೇಲಂಚು. ಬಲಮೂಲೆಯ ಚಂದ್ರ ಎಂಟನೇ ನಂಬರಿನವನ ಪಾಲಿಗೆ ಬಂದಿದ್ದ. ಅವನು ಅಕ್ಕನ ಮದುವೆಗೆ ಹೋಗಿದ್ದರಿಂದ ಅಲ್ಲಿ ಬರೀ ಬಿಳಿ ಹಾಳೆ ಉಳಿದು ಗ್ರಂಥಪಾತವಾಗಿದೆ. ಇದನ್ನು ಲೋಪವೆನ್ನುವವರು ಪಂಚಾಂಗ ನೋಡಲಿ. ವ್ಯಾನ್ ಗೋ ಎಳೆಚಂದ್ರನನ್ನು ಬರೆದಿದ್ದರೂ, ಆ ದಿನಗಳಲ್ಲಿ ಸೇಂಟ್ ರೆಮಿಯ ಮೇಲಿದ್ದವನು ಹುಣ್ಣಿಮೆ ಕಳೆದ ದಪ್ಪ ಚಂದ್ರ ಎಂದು ಖಗೋಳಜ್ಞರು ಲೆಕ್ಕ ಹಾಕಿದ್ದಾರೆ. ಸುಳ್ಳು ಚಂದ್ರನಿಗಿಂತ ಇಲ್ಲದ ಚಂದ್ರ ಮೇಲು.

ಎಡಗಡೆಯ ಸೈಪ್ರೆಸ್ ಮರದ್ದು ಇನ್ನೂ ಗಹನವಾದ ಸಮಸ್ಯೆ. ಒಂದರ ಕೆಳಗೊಂದರಂತೆ ಐದು ಹಾಳೆಗಳಲ್ಲಿ ಅದು ಹಾದುಹೋಗುತ್ತದೆ. ಐವರಲ್ಲಿ ಯಾರೂ ಸೈಪ್ರೆಸ್ ಕಂಡವರಲ್ಲ, ಪಕ್ಕದವರ ಹಾಳೆ ನೋಡುವುದು ಪರೀಕ್ಷೆಯ ಅಪರಾಧವೆಂದೂ ನಂಬಿದವರು. ಬುಡ ಹುಣಸೆ, ನಡು ಅಡಿಕೆ, ತುದಿ ತೆಂಗು. ಅತ್ತ ಸುಳಿಗಾಳಿಯಂಥ ಆಕಾಶ 19ನೇ ಹಾಳೆಯಲ್ಲಿ ಬಲಕ್ಕೆ ತಿರುಗಿ, 20ರಲ್ಲಿ ಬಂದ ದಾರಿಗೇ ಹೊರಳಿದೆ. ಅದು ಗಡಿ ವಿವಾದ, ಪ್ರಬಂಧಕಾರರು ಕೈಹಾಕುವುದಿಲ್ಲ. 14ರಲ್ಲಿ ಹಾರುವ ವಿಮಾನ ನಿಸ್ಸಂಶಯವಾಗಿ ಪ್ರಕ್ಷಿಪ್ತ. ಚರ್ಚಿನ ಶಿಖರಕ್ಕೆ ಕಳಶವಿರುವುದನ್ನು ದೇಶೀಪಾಠವೆಂದು ಉಳಿಸಿಕೊಳ್ಳಬಹುದು.

ವರ್ಣವಿಚಾರದಲ್ಲಿ ಒಂದು ಮಾತು. ಮೂರನೇ ಸಾಲಿನ ಹೊತ್ತಿಗೆ ಎಲ್ಲರ ಪೆಟ್ಟಿಗೆಯಲ್ಲೂ ನೀಲಿ ಮುಗಿದು, ಹಾಸ್ಟೆಲಿನ ಹುಡುಗಿಯೊಬ್ಬಳು ಬಟ್ಟೆಗೆ ಹಾಕುವ ನೀಲಿ ಪುಡಿಯನ್ನು ಕಲಸಿಕೊಟ್ಟಳು. ಹಳೆಯ ಕಾಲದ ಆ ಪುಡಿ ಕೃತಕ ಅಲ್ಟ್ರಾಮರೀನ್. ವ್ಯಾನ್ ಗೋನ ಆಕಾಶದಲ್ಲಿರುವ ನೀಲಿಗಳಲ್ಲೂ ಒಂದು ಅದೇ. ಇಡೀ ‘ಬಿ’ಯಲ್ಲಿ ಮೂಲಕ್ಕೆ ನಿಷ್ಠವಾದ ಭಾಗ ಅಷ್ಟೇ ಎಂದು ಹೇಳಲು ನಮಗೆ ಸಂಕೋಚವಿದೆ.

ಕೊನೆಗೆ ಅಳತೆ. ‘ನ್ಯೂ’ 73.7 ಸೆಂ.ಮೀ. ಎತ್ತರ, 92.1 ಸೆಂ.ಮೀ. ಅಗಲ. ‘ಬಿ’ಯಲ್ಲಿ ಎ4 ಹಾಳೆಗಳನ್ನು ನೆಟ್ಟಗೆ ಜೋಡಿಸಿದ್ದರಿಂದ ಅಗಲ 168, ಎತ್ತರ 178, ಮಲಗಿದ್ದ ಚಿತ್ರ ಎದ್ದು ನಿಂತಿದೆ. ಬಡಗಿಯಾದರೋ ಕ್ಯಾಲೆಂಡರ್ ನೋಡಿ ಮೊದಲೇ ಅಗಲದ ಚೌಕಟ್ಟು ಮಾಡಿದ್ದ. ಎರಡು ಬದಿಗೂ ಗೇಣುದ್ದ ಖಾಲಿ. ಜಪಾನಿ ಕಲಾವಿದ ಹಿರೋಶಿಗೆಯ ಮಳೆ ಸೇತುವೆಯ ಚಿತ್ರವನ್ನು ನಕಲು ಮಾಡುವಾಗ ವ್ಯಾನ್ ಗೋಗೂ ಇದೇ ಪೇಚು ಬಂದು, ಮಿಕ್ಕ ಅಂಚನ್ನು ಜಪಾನಿ ಅಕ್ಷರಗಳಿಂದ ತುಂಬಿದ್ದ. ಮುಖ್ಯೋಪಾಧ್ಯಾಯರು ಅದೇ ಮಾರ್ಗ ಹಿಡಿದು, ಬಲಬದಿಯಲ್ಲಿ ಬಿಇಒ ಸಾಹೇಬರಿಂದ ತೊಡಗಿ ಎಸ್‌ಡಿಎಂಸಿ ಅಧ್ಯಕ್ಷರವರೆಗೂ, ಎಡಬದಿಯಲ್ಲಿ ಪ್ಲೈವುಡ್, ಮೊಳೆ, ಫೆವಿಕಾಲ್ ದಾನಿಗಳನ್ನೂ ಬರೆಯಿಸಿದರು. ಏನೂ ಕೊಡುಗೆ ಕೊಡದ ವ್ಯಾನ್ ಗೋನ ಹೆಸರು ಅದರಲ್ಲಿಲ್ಲ.