ಅಮ್ಮ ಹೆರಿಗೆಗೆ ಕಠ್ಮಂಡುವಿಗೆ ಹೋಗಬೇಕಿತ್ತು

ಅಮೆರಿಕದ ವೀಸಾ ಬುಲೆಟಿನ್‌ನಲ್ಲಿ ತಿಂಗಳಿಗೊಮ್ಮೆ ತಾರೀಖು ಹಾಕುವ ಮಹಾಶಯರಿಗೆ,

ಈ ಕಾಗದವನ್ನು ಲೈಸೆನ್ಸ್ ಕಚೇರಿಯ ಪಾರ್ಕಿಂಗ್ ಜಾಗದಲ್ಲಿ, ನನ್ನದೇ ಕಾರಿನೊಳಗೆ ಕೂತು ಬರೆಯುತ್ತಿದ್ದೇನೆ. ಕಾರಿಗೆ ಏನೂ ಆಗಿಲ್ಲ, ಪೆಟ್ರೋಲೂ ಇದೆ. ಕೆಟ್ಟು ನಿಂತಿರುವುದು ನಾನು. ಬೆಳಿಗ್ಗೆ ಟೋಕನ್ ತೆಗೆದುಕೊಂಡು ಮಧ್ಯಾಹ್ನದ ತನಕ ಕಾದ ಮೇಲೆ ಕೌಂಟರಿನ ಹೆಂಗಸು ನನ್ನ ಕಾಗದಗಳನ್ನು ತಿರುವಿ ನೋಡಿ, "ನಿಮ್ಮ ಎಚ್-1ಬಿ ಕೆಲಸದ ವೀಸಾ ಅವಧಿ ಮುಗಿದಿದೆಯಲ್ಲ" ಅಂದರು. ಮುಗಿದಿದೆ, ವಿಸ್ತರಣೆಗೆ ಅರ್ಜಿ ಹಾಕಿದ್ದೇವೆ, ರಸೀದಿ ಇಗೋ, ಅರ್ಜಿ ಬಾಕಿ ಇರುವಾಗ 240 ದಿನ ಕೆಲಸ ಮಾಡಬಹುದು ಅಂತ ಕಾನೂನೇ ಹೇಳುತ್ತದೆ ಅಂದೆ. "ಕೆಲಸ ಮಾಡಿ, ಯಾರು ಬೇಡ ಅಂದರು? ಲೈಸೆನ್ಸ್‌ಗೆ ಮಾತ್ರ ಕಂಪ್ಯೂಟರು ಒಪ್ಪುತ್ತಿಲ್ಲ" ಅಂದರು. ಅಂದವರೇ ಹಳೆಯ ಲೈಸೆನ್ಸಿಗೆ ಮಿಷನ್ನಿನಲ್ಲಿ ಒಂದು ತೂತು ಹೊಡೆದು ವಾಪಸ್ ಕೊಟ್ಟರು. ತೂತು ಸರಿಯಾಗಿ ನನ್ನ ಹುಟ್ಟಿದ ತಾರೀಖಿನ ಮೇಲೇ ಬಿದ್ದಿದೆ.

ಹಾಗಾಗಿ ನಾಳೆ ನಾನು ಕೆಲಸಕ್ಕೆ ಹೋಗಬಹುದು, ಕಾರಿನಲ್ಲಿ ಹೋಗುವಂತಿಲ್ಲ. ನಮ್ಮ ಊರಿನಲ್ಲಿ ಬಸ್ಸಿಲ್ಲ. ಈಗ ನನ್ನನ್ನು ಮನೆ ಮುಟ್ಟಿಸಲು ನೇಪಾಳದ ಗೆಳೆಯ ಬರಬೇಕು. ಅವನಿಗೆ ಲೈಸೆನ್ಸ್ ಇದೆ. ಅವನಿಗೆ ಯಾಕಿದೆ, ನನಗೆ ಯಾಕಿಲ್ಲ ಎನ್ನುವುದನ್ನು ಅವನು ಬರುವಷ್ಟರಲ್ಲಿ ತಮಗೆ ತಿಳಿಸಬೇಕೆಂದು ಈ ಪತ್ರ. ವೀಸಾ ಸ್ಟಾಂಪಿಂಗ್‌ಗೆ ಚೆನ್ನೈಗೆ ಅಲೆದದ್ದು, ಹೆಂಡತಿಯ ಕೆಲಸದ ಪರ್ಮಿಟ್ಟು ತಡವಾದದ್ದು, ಇವೆಲ್ಲ ಇನ್ನೊಂದು ಕಾಗದಕ್ಕಿರಲಿ.

ಆ ಗೆಳೆಯನೂ ನಾನೂ ಒಂದೇ ಗೈಡ್ ಹತ್ತಿರ ಪಿಎಚ್‌ಡಿ ಮಾಡಿದವರು. ಜೋಳದ ಹೊಲಕ್ಕೆ ಸುರಿದ ರಂಜಕ ಮಳೆನೀರಿನಲ್ಲಿ ಕೊಚ್ಚಿಕೊಂಡು ಹೋಗಿ ಈರಿ ಸರೋವರ ಸೇರುವುದು ಹೇಗೆ ಎನ್ನುವುದು ನಮ್ಮ ವಿಷಯ. 2014ರ ಆಗಸ್ಟ್‌ನಲ್ಲಿ ಆ ಸರೋವರದ ಪಾಚಿಯ ವಿಷ ಟೊಲೆಡೊ ನಗರದ ನಲ್ಲಿಗೆ ಬಂತು. ಕುದಿಸಿದರೂ ಹೋಗದ ವಿಷ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಎರಡು ಮೂರು ದಿನ ನಲ್ಲಿ ನೀರು ಬಾಯಿಗೆ ಹಾಕಲಿಲ್ಲ. ಅಲ್ಲಿಯ ತನಕ ನಮ್ಮ ಥೀಸಿಸ್ ಓದಿದ್ದವರು ನಮ್ಮ ಗೈಡ್ ಒಬ್ಬರೇ. ಆಮೇಲೆ ನಾವು ದೇಶಕ್ಕೆ ಬೇಕಾದವರಾದೆವು. 2015ರ ಮಾರ್ಚ್‌ನಲ್ಲಿ ಇಬ್ಬರೂ ಒಂದೇ ವಾರ, ರಾಷ್ಟ್ರಹಿತದ ಹೆಸರಿನಲ್ಲಿ ಗ್ರೀನ್ ಕಾರ್ಡ್ ಕೇಳುವ ನ್ಯಾಷನಲ್ ಇಂಟರೆಸ್ಟ್ ವೇವರ್‌ಗೆ ಅರ್ಜಿ ಹಾಕಿದೆವು. ಇಬ್ಬರಿಗೂ ಶಿಫಾರಸು ಪತ್ರ ಬರೆದುಕೊಟ್ಟವರೂ ಒಂದೇ ಜನ, ಪ್ರಬಂಧಗಳೂ ಹೆಚ್ಚುಕಮ್ಮಿ ಅವೇ. ಇಬ್ಬರದೂ ಒಪ್ಪಿಗೆಯಾಯಿತು. ಅವನಿಗೆ ಮರುವರ್ಷ ಗ್ರೀನ್ ಕಾರ್ಡ್ ಬಂತು, ಆಮೇಲೆ ಪೌರತ್ವ ಬಂತು, 2024ರಲ್ಲಿ ಓಟನ್ನೂ ಹಾಕಿ ಬಂದ. ನನ್ನ ಹತ್ತಿರ, ನನ್ನ ಕೆಲಸದಲ್ಲಿ ರಾಷ್ಟ್ರಹಿತ ಅಡಗಿದೆ ಎಂದು ತಮ್ಮ ಸರ್ಕಾರ ಒಪ್ಪಿದ ಕಾಗದ ಇದೆ. ಊಟಕ್ಕೆ ಬನ್ನಿ ಬನ್ನಿ ಅಂತ ಕರೆದು, ಬಂದವರನ್ನು ಜಗುಲಿಯ ಮೇಲೆ ಕೂರಿಸಿ, ಒಳಗಿನಿಂದ ಒಗ್ಗರಣೆಯ ಘಮವನ್ನಷ್ಟೇ ಕಳಿಸುವ ಮನೆಯವರ ಹಾಗಿದೆ ತಮ್ಮ ಉಪಚಾರ.

ಕಾರಣ ಇಷ್ಟೇ. ಅವನು ಹುಟ್ಟಿದ್ದು ಕಠ್ಮಂಡುವಿನಲ್ಲಿ, ನಾನು ಹುಟ್ಟಿದ್ದು ತಿಪಟೂರಿನಲ್ಲಿ. ಓದೂ ಅಲ್ಲ, ಪ್ರಬಂಧವೂ ಅಲ್ಲ, ಪಾಸ್‌ಪೋರ್ಟೂ ಅಲ್ಲ, ಹುಟ್ಟಿದ ದೇಶ. 1990ರ ನವೆಂಬರ್‌ನಲ್ಲಿ ಹಿರಿಯ ಬುಷ್ ಅವರು ಸಹಿ ಹಾಕಿದ ಕಾಯ್ದೆ ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ 1,40,000 ಗ್ರೀನ್ ಕಾರ್ಡ್ ಎಂದು ಗೊತ್ತುಮಾಡಿತು. ಹೆಂಡತಿ ಮಕ್ಕಳೂ ಅದರೊಳಗೇ. ನಾವು ನಿಲ್ಲುವ ಇಬಿ-2 ಸಾಲಿಗೆ ಅದರಲ್ಲಿ ಸುಮಾರು 40,000. ಒಂದು ದೇಶಕ್ಕೆ ಹೆಚ್ಚೆಂದರೆ ಶೇ 7. ನಾಲ್ಕು ಲಕ್ಷದ ಆಸುಪಾಸಿನ ಐಸ್‌ಲ್ಯಾಂಡಿಗೂ ಅಷ್ಟೇ, 140 ಕೋಟಿ ದಾಟಿದ ಭಾರತಕ್ಕೂ ಅಷ್ಟೇ. ಇಬಿ-2ರಲ್ಲಿ ನಮ್ಮ ಪಾಲು ವರ್ಷಕ್ಕೆ ಸುಮಾರು 2,800. ಬೇರೆಯವರು ಬಿಟ್ಟದ್ದು ಮಿಕ್ಕರೆ ಇನ್ನಷ್ಟು. ಎಲ್ಲ ದೇಶದವರಿಗೂ ಅವಕಾಶ ಸಿಗಲಿ ಎನ್ನುವುದು ಇದರ ಹಿಂದಿನ ನ್ಯಾಯವಂತೆ. ಒಳ್ಳೆಯ ನ್ಯಾಯ. ನಾನು ಅರ್ಜಿಯಲ್ಲಿ ನನ್ನ ಹೆಸರು ಬರೆದಿದ್ದೆ, 140 ಕೋಟಿ ಜನರದ್ದಲ್ಲ.

ಹಾಗೆ ನೋಡಿದರೆ ತಪ್ಪು ನಮ್ಮಮ್ಮನದೇ. ಗಂಡನ ಮನೆ ಅರಸೀಕೆರೆ, ತವರು ತಿಪಟೂರು. ಚೊಚ್ಚಲ ಹೆರಿಗೆ, ತವರಿಗೆ ಹೋದಳು. ಅಜ್ಜಿ ಬಾಣಂತಿ ಲೇಹ್ಯ, ಎಣ್ಣೆನೀರು ಅಂತ ನೋಡಿಕೊಂಡರೇ ಹೊರತು, ಈ ಕೂಸು ಮುಂದೆ ರಂಜಕದ ಮೇಲೆ ಪಿಎಚ್‌ಡಿ ಮಾಡಿಬಿಟ್ಟರೆ ಗತಿಯೇನು ಅಂತ ಆ ಮನೆಯಲ್ಲಿ ಒಬ್ಬರೂ ಯೋಚಿಸಲಿಲ್ಲ. ಏಳನೇ ತಿಂಗಳಲ್ಲಿ ಬಸುರಿಯನ್ನು ಕಠ್ಮಂಡುವಿಗೆ ಕಳಿಸಿ, ಪಶುಪತಿನಾಥನ ದರ್ಶನ ಮಾಡಿಸಿ, ಅಲ್ಲೇ ಹೆರಿಗೆ ಮಾಡಿಸಿಕೊಂಡು ಬಂದಿದ್ದರೆ ನಾನು ತಮ್ಮ ಲೆಕ್ಕದಲ್ಲಿ ನೇಪಾಳದವನು. ಕೈಯಲ್ಲಿ ಭಾರತದ ಪಾಸ್‌ಪೋರ್ಟೇ ಇದ್ದರೂ ಅಡ್ಡಿಯಿಲ್ಲ.

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರೇ? ಇಲ್ಲಿ ನಮಗೆ ಪರಿಚಯದ ಉಡುಪಿ ಕಡೆಯ ಅಕ್ಕ-ತಮ್ಮ ಇದ್ದಾರೆ. ಅಪ್ಪನಿಗೆ ಮಸ್ಕತ್‌ನಲ್ಲಿ ಕೆಲಸ ಇತ್ತು. ಅಕ್ಕ ಹುಟ್ಟುವಾಗ ತಾಯಿ ಊರಿಗೆ ಬಂದಿದ್ದರು. ತಮ್ಮನ ಹೊತ್ತಿಗೆ ಅಕ್ಕನ ಶಾಲೆ ಶುರುವಾಗಿತ್ತು, ಹೆರಿಗೆ ಮಸ್ಕತ್‌ನಲ್ಲೇ ಆಯಿತು. ಇಬ್ಬರಿಗೂ ಭಾರತದ ಪಾಸ್‌ಪೋರ್ಟು, ಇಬ್ಬರದೂ ಇಲ್ಲಿನ ಪಿಎಚ್‌ಡಿ. ತಮ್ಮನಿಗೆ ಒಮಾನ್ ಲೆಕ್ಕದಲ್ಲಿ ಕಾರ್ಡ್ ಬಂದು, ಅವನು ಮನೆಯನ್ನೂ ಕೊಂಡ. ಅವನಿಗಿಂತ ಮೊದಲು ಅರ್ಜಿ ಹಾಕಿದ ಅಕ್ಕ ಇವತ್ತಿಗೂ ಸಾಲಿನಲ್ಲಿ ನನ್ನ ಹಿಂದೆ. ಹೋದ ದೀಪಾವಳಿಯಲ್ಲಿ ಅವಳು ಎಲ್ಲರ ಎದುರೇ ತಾಯಿಗೆ ಫೋನ್ ಮಾಡಿ, "ಅಮ್ಮಾ, ನನ್ನ ಹೊತ್ತಿಗೇ ನಿನಗೆ ಊರಿಗೆ ಹೋಗಬೇಕಿತ್ತಾ?" ಅಂತ ಕೇಳಿದಳು. "ಚೊಚ್ಚಲು ಅಲ್ವಾ ಮಾರಾಯ್ತಿ" ಅಂದರು ಆ ತಾಯಿ. ಈ ಉತ್ತರ ಬರೆಯಲು ತಮ್ಮ ಫಾರಂನಲ್ಲಿ ಕಾಲಂ ಇಲ್ಲ.

ಬೇರೆ ದೇಶದಲ್ಲಿ ಹುಟ್ಟಿದವರನ್ನು ಮದುವೆಯಾಗಿ ಅವರ ಸಾಲಿಗೆ ಜಿಗಿಯುವ ದಾರಿಯೂ ಕಾನೂನಿನಲ್ಲಿದೆ. ನಮ್ಮ ಮದುವೆಗೆ ಜಾತಕ ನೋಡಿದ ಜೋಯಿಸರು ಗಣ, ನಾಡಿ, ರಜ್ಜು ಎಲ್ಲ ನೋಡಿದರು. ಹುಡುಗಿ ಹುಟ್ಟಿದ ದೇಶಕ್ಕೆ ಬ್ಯಾಕ್‌ಲಾಗ್ ಇದೆಯೇ ಅಂತ ನೋಡಲಿಲ್ಲ.

ಇನ್ನು ತಮ್ಮ ತಾರೀಖುಗಳ ವಿಷಯ. ಅರ್ಜಿ ಹಾಕಿದ ದಿನ, ಅಂದರೆ ಪ್ರಯಾರಿಟಿ ಡೇಟ್, ಬುಲೆಟಿನ್ನಿನ ತಾರೀಖಿಗಿಂತ ಹಿಂದಿನದಾದವರಿಗೆ ಮಾತ್ರ ಸರದಿ. ಬುಲೆಟಿನ್ ಬಂದ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: "ಮೂವ್ ಆಯ್ತಾ?" 2022ರ ಬೇಸಿಗೆಯಲ್ಲಿ ತಾವು ಭಾರತದ ಇಬಿ-2 ತಾರೀಖನ್ನು 2014ರ ಡಿಸೆಂಬರ್ 1ಕ್ಕೆ ತಂದು ನಿಲ್ಲಿಸಿದಿರಿ. ನನ್ನದು 2015ರ ಮಾರ್ಚ್. ಹೆಂಡತಿ ಮೆಡಿಕಲ್ ಪರೀಕ್ಷೆಗೆ ಹೆಸರು ಬರೆಸಿದಳು. ತಿಪಟೂರು ಪುರಸಭೆಯ ಕಾಲದ ನನ್ನ ಜನನ ಪ್ರಮಾಣಪತ್ರವನ್ನು ಮಾವ ಕೊರಿಯರ್ ಮಾಡಿದರು. ಅಕ್ಟೋಬರ್‌ನಲ್ಲಿ ತಾರೀಖು 2012ರ ಏಪ್ರಿಲ್‌ಗೆ ಹೋಯಿತು. ಡಿಸೆಂಬರ್‌ನಲ್ಲಿ 2011ರ ಅಕ್ಟೋಬರ್‌ಗೆ. ಮರುವರ್ಷ 2011ರ ಜನವರಿಗೆ. ಕಾಲವನ್ನು ಹಿಂದಕ್ಕೆ ಓಡಿಸುವ ವಿದ್ಯೆ ಯಾವ ಭೌತವಿಜ್ಞಾನಿಗೂ ಒಲಿದಿಲ್ಲ, ತಾವು ಒಂದು ಪಿಡಿಎಫ್‌ನಲ್ಲಿ ಮಾಡಿ ತೋರಿಸಿದಿರಿ. ಅದೇ ವೇಗದಲ್ಲಿ ಹೋಗಲು ಬಿಟ್ಟಿದ್ದರೆ ನಾನು ಹುಟ್ಟುವುದಕ್ಕೂ ಹಿಂದಕ್ಕೆ ಹೋಗಿ, ಅಮ್ಮನಿಗೆ ಕಠ್ಮಂಡುವಿಗೆ ಟಿಕೆಟ್ ತೆಗೆಸಿಕೊಟ್ಟು ಬರುತ್ತಿದ್ದೆ.

ತಮ್ಮ ಊರಿನ ರಾಜಕಾರಣಿಗಳಿಗೆ ಪಿಎಚ್‌ಡಿಯವರೆಂದರೆ ಪ್ರೀತಿ ಉಕ್ಕುತ್ತದೆ. ಪದವಿ ಪತ್ರಕ್ಕೆ ಗ್ರೀನ್ ಕಾರ್ಡನ್ನು ಸ್ಟೇಪಲ್ ಮಾಡಿಕೊಡಬೇಕು ಅಂತ 2012ರ ಚುನಾವಣೆಯ ಕಾಲದಲ್ಲಿ ಮಿಟ್ ರಾಮ್ನಿ ಹೇಳಿದರು. 2016ರಲ್ಲಿ ಹಿಲರಿ ಕ್ಲಿಂಟನ್ ಹೇಳಿದರು. 2024ರ ಜೂನ್‌ನಲ್ಲಿ ಡೊನಾಲ್ಡ್ ಟ್ರಂಪ್ ಒಂದು ಪಾಡ್‌ಕಾಸ್ಟ್‌ನಲ್ಲಿ, ಪದವಿ ಪಡೆದವರಿಗೆಲ್ಲ ತಾನಾಗಿಯೇ ಕಾರ್ಡ್ ಸಿಗಬೇಕು ಅಂದರು. 2013ರಲ್ಲಿ ಪಿಎಚ್‌ಡಿಯವರನ್ನು ಮಿತಿಯಿಂದ ಹೊರಗಿಡುವ ಮಸೂದೆ ಸೆನೆಟ್‌ನಲ್ಲಿ 68-32ರಲ್ಲಿ ಗೆದ್ದಿತು, ಕೆಳಮನೆ ಅದನ್ನು ಮುಟ್ಟಲಿಲ್ಲ. 2019ರಲ್ಲಿ ಶೇ 7ರ ಮಿತಿ ತೆಗೆಯುವ ಮಸೂದೆ ಕೆಳಮನೆಯಲ್ಲಿ 365-65ರಲ್ಲಿ ಗೆದ್ದಿತು; ಸೆನೆಟ್ ಮರುವರ್ಷ ಅದನ್ನು ಬೇರೆಯೇ ರೂಪದಲ್ಲಿ ಒಪ್ಪಿತು, ಎರಡನ್ನೂ ಕೂಡಿಸುವ ಮೊದಲೇ ಅವಧಿ ಮುಗಿಯಿತು. 2022ರಲ್ಲಿ ವಿಜ್ಞಾನದ ಪಿಎಚ್‌ಡಿಗಳಿಗೆ ಮಿತಿ ಬೇಡ ಎಂಬ ಕಲಮು ಕೆಳಮನೆಯಲ್ಲಿ ಪಾಸಾಯಿತು, ಕೊನೆಗೆ ಚಿಪ್ಸ್ ಕಾಯ್ದೆಯಾಗಿ ಹೊರಬರುವಾಗ ಉದುರಿಹೋಗಿತ್ತು. ಇಷ್ಟು ದೊಡ್ಡ ದೇಶದಲ್ಲಿ ಒಂದು ಸ್ಟೇಪ್ಲರ್ ಸಿಗಲಿಲ್ಲವೇ ಸ್ವಾಮಿ? ನನ್ನ ಮೇಜಿನ ಮೇಲೆ ಎರಡಿವೆ, ಕಳಿಸಿಕೊಡುತ್ತೇನೆ.

ಸ್ಟೇಪ್ಲರ್ ಸಿಗದಿದ್ದರೂ ಗಲ್ಲಾಪೆಟ್ಟಿಗೆ ಸಿಕ್ಕಿತು. 2025ರ ಸೆಪ್ಟೆಂಬರ್‌ನಲ್ಲಿ ಗೋಲ್ಡ್ ಕಾರ್ಡ್ ಬಂತು. ಸರ್ಕಾರಕ್ಕೆ ಹತ್ತು ಲಕ್ಷ ಡಾಲರ್ ಕಾಣಿಕೆ ಹಾಕಿದರೆ ಅದೇ ಅಸಾಧಾರಣ ಸಾಮರ್ಥ್ಯಕ್ಕೆ ಸಾಕ್ಷಿ, ಅದೇ ರಾಷ್ಟ್ರಹಿತಕ್ಕೆ ಸಾಕ್ಷಿ. ಅದೂ ಮೇಲಿನ ಸಾಲಾದ ಇಬಿ-1 ಮತ್ತು ನಮ್ಮ ಇದೇ ಇಬಿ-2ರ ಲೆಕ್ಕದೊಳಗೆ. ಛೆ, ನಾನು ಸುಮ್ಮನೆ ಕೆಸರಿನಲ್ಲಿ ನಿಂತು ನೀರಿನ ಸ್ಯಾಂಪಲ್ ತುಂಬಿಸಿದೆ.

ನಾವು ಸುಮ್ಮನೆ ಕೂತವರೂ ಅಲ್ಲ. 2007ರ ಜುಲೈ ತಮ್ಮ ಕಚೇರಿಗೆ ನೆನಪಿರಬೇಕು. ಆ ತಿಂಗಳ ಬುಲೆಟಿನ್ ಉದ್ಯೋಗದ ಸಾಲಿನ ಬಹುತೇಕ ಎಲ್ಲರೂ ಅರ್ಜಿ ಹಾಕಬಹುದು ಅಂತ ಸಾರಿತು. ಜನ ರಜೆ ಹಾಕಿ, ಮೆಡಿಕಲ್ ಮಾಡಿಸಿ, ಕಾಗದ ಕಟ್ಟಿ ಕಳಿಸಿದರು. ಜುಲೈ 2ಕ್ಕೆ, ವೀಸಾ ನಂಬರು ಮುಗಿದವು, ತೆಗೆದುಕೊಳ್ಳುವುದಿಲ್ಲ ಅಂದರು. ನಮ್ಮವರು 'ಲಗೇ ರಹೋ ಮುನ್ನಾಭಾಯಿ' ನೋಡಿದ್ದ ಹೊಸತು. ಗಾಂಧಿಗಿರಿ ಅಂತ ವಲಸೆ ಇಲಾಖೆಯ ನಿರ್ದೇಶಕರಿಗೆ ಹೂಗುಚ್ಛಗಳನ್ನು ಕಳಿಸಿದರು, ಒಂದಲ್ಲ ಎರಡಲ್ಲ. ಅವರು ಆ ಹೂಗಳನ್ನು ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿದ್ದ ಗಾಯಾಳು ಸೈನಿಕರಿಗೆ ಕಳಿಸಿದರು. ಜುಲೈ 17ರಂದು ಇಲಾಖೆ ಮಣಿದು ಅರ್ಜಿಗಳನ್ನು ತೆಗೆದುಕೊಂಡಿತು. ಸಾಲು ಚಿಕ್ಕದಾಗಲಿಲ್ಲ, ಸಾಲಿನಲ್ಲಿ ನಿಲ್ಲುವ ಹಕ್ಕು ವಾಪಸ್ ಬಂತು. ಹೂವಿಗೆ ಅಷ್ಟೇ ಬೆಲೆ.

ಇಲ್ಲಿಯ ತನಕ ನಗುನಗುತ್ತ ಬರೆದೆ. ಇನ್ನು ಆಗುವುದಿಲ್ಲ.

ನನಗೆ ಇಬ್ಬರು ಮಕ್ಕಳು. ಮಗ ಹುಟ್ಟಿದ್ದು ಇಲ್ಲಿ, ಅವನು ಅಮೆರಿಕದವನು. ಮಗಳು ಹುಟ್ಟಿದ್ದು ಶಿವಮೊಗ್ಗದಲ್ಲಿ. ನನ್ನ ಹೆಂಡತಿಯೂ ಚೊಚ್ಚಲ ಹೆರಿಗೆಗೆ ತವರಿಗೇ ಹೋಗಿದ್ದಳು. ಮಗಳು ಎರಡು ವರ್ಷದ ಕೂಸಾಗಿ ಬಂದವಳು, ಇಲ್ಲೇ ಮಾತು ಕಲಿತಳು, ಇಲ್ಲೇ ಶಾಲೆ ಮುಗಿಸಿದಳು, ಈಗ ಕಾಲೇಜಿನಲ್ಲಿದ್ದಾಳೆ. ಬರುವ ವರ್ಷ ಅವಳಿಗೆ 21. ಅಷ್ಟರೊಳಗೆ ನಿಮ್ಮ ತಾರೀಖು ನನ್ನನ್ನು ಮುಟ್ಟದಿದ್ದರೆ ಅವಳು ನನ್ನ ಅರ್ಜಿಯಿಂದ ಹೊರಗೆ. ಅರ್ಜಿ ನಿಮ್ಮವರ ಮೇಜಿನ ಮೇಲೆ ಬಾಕಿ ಇದ್ದ ತಿಂಗಳುಗಳನ್ನು ವಯಸ್ಸಿನಲ್ಲಿ ಕಳೆದುಕೊಡುತ್ತೀರಂತೆ. ದೊಡ್ಡ ಮನಸ್ಸು. ಆಮೇಲೆ ಅವಳು ಇಲ್ಲಿರಬೇಕಾದರೆ ವಿದ್ಯಾರ್ಥಿ ವೀಸಾ ತೆಗೆದುಕೊಳ್ಳಬೇಕು. ಅದಕ್ಕೆ, ನನ್ನ ಮನೆ ಹೊರದೇಶದಲ್ಲಿದೆ, ಓದು ಮುಗಿಸಿ ಅಲ್ಲಿಗೇ ಹೋಗುತ್ತೇನೆ ಅಂತ ನಂಬಿಸಬೇಕು. ಯಾವ ಮನೆ? ಶಿವಮೊಗ್ಗದಲ್ಲಿ ಅವಳಿಗೆ ಗೊತ್ತಿರುವುದು ಅಜ್ಜಿಯ ಅಡುಗೆಮನೆ ಮತ್ತು ಗಾಂಧಿ ಬಜಾರಿನ ಒಂದು ಬಳೆ ಅಂಗಡಿ. ನಿಮ್ಮ ಕಾನೂನೇ ಅವಳಿಗೆ ಸುಳ್ಳು ಹೇಳಿಕೊಡುತ್ತಿದೆ. ಮೊನ್ನೆ ಊಟಕ್ಕೆ ಕೂತಾಗ ಅವಳು ತಮ್ಮನಿಗೆ, "ನನ್ನ ರೂಮು ನೀನು ತಗೋ" ಅಂದಳು. ಅವನು ತಟ್ಟೆ ತಳ್ಳಿ ಎದ್ದುಹೋದ.

ನನ್ನ ಕಾಯುವಿಕೆಯನ್ನು ನೀವು ಏನಾದರೂ ಮಾಡಿಕೊಳ್ಳಿ. ಸಾಲಿನಲ್ಲಿ ನಿಂತೇ ಬೆಳೆದವನು ನಾನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳನ್ನು ಹೊರಗೆ ನಿಲ್ಲಿಸುವುದರಲ್ಲಿ ನಿಮಗೆ ಯಾವ ರಾಷ್ಟ್ರಹಿತ ಕಂಡಿತು, ಅದನ್ನು ಹೇಳಿ.

ಕೇಳಬೇಕಾದದ್ದು ನಿಮ್ಮನ್ನಲ್ಲ, ನಿಮ್ಮ ಕಾಂಗ್ರೆಸ್ಸನ್ನು ಎಂದು ಗೊತ್ತು. ನೀವು ಕೂಡಿ ಕಳೆದು ತಾರೀಖು ಹಾಕುವವರು. ಆದರೂ ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುವವರು ನೀವೇ, ಆದ್ದರಿಂದ ನಿಮ್ಮ ಕೈಯಲ್ಲೇ ಕಳಿಸುತ್ತಿದ್ದೇನೆ. ಮೂರು ವಿಷಯ. ರಾಷ್ಟ್ರಹಿತ ಎಂದು ನೀವೇ ಒಪ್ಪಿದ ಪಿಎಚ್‌ಡಿಯವರನ್ನು ಹುಟ್ಟಿದ ದೇಶದ ಲೆಕ್ಕದಿಂದ ಬಿಡಿ. ಹೆಂಡತಿ ಮಕ್ಕಳನ್ನು 1,40,000ದಲ್ಲಿ ಎಣಿಸಬೇಡಿ. ಮಗುವಿನ ವಯಸ್ಸನ್ನು ಅರ್ಜಿ ಹಾಕಿದ ದಿನಕ್ಕೆ ನಿಲ್ಲಿಸಿ. ಮೊದಲ ಎರಡು ಆಗದಿದ್ದರೆ ಮೂರನೆಯದನ್ನಾದರೂ ಮಾಡಿ. ನನ್ನದು ಹಾಗೇ ಇರಲಿ.

ಒಂದು ವೇಳೆ ಉತ್ತರ ಬರೆಯುವ ಮನಸ್ಸಾದರೆ ಬರೆಯಿರಿ. ತಾರೀಖು ಮಾತ್ರ ಹಾಕಬೇಡಿ. ನೀವು ಹಾಕಿದ ತಾರೀಖನ್ನು ನಂಬುವುದನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದೇವೆ.

ಇಂತಿ,
ತಮ್ಮ ದೃಢೀಕೃತ ರಾಷ್ಟ್ರಹಿತ,
ಪ್ರಯಾರಿಟಿ ಡೇಟ್ ಮಾರ್ಚ್ 2015, ಹುಟ್ಟಿದ ಊರು ತಿಪಟೂರು