ಋಣವಿಮೋಚನ ಮೀಮಾಂಸೆ: ಅರ್ಧ ಕಾಫಿಯ ಮೂಲಕ ಪೂರ್ಣ ಮುಕ್ತಿ

ಮನುಷ್ಯನು ಹುಟ್ಟುವಾಗಲೇ ಮೂರು ಸಾಲ ಹೊತ್ತು ಬರುತ್ತಾನೆ ಎಂದು ಶ್ರುತಿ ಹೇಳುತ್ತದೆ: ದೇವಋಣ, ಋಷಿಋಣ, ಪಿತೃಋಣ. ಯಜ್ಞದಿಂದ ಮೊದಲನೆಯದು, ಅಧ್ಯಯನದಿಂದ ಎರಡನೆಯದು, ಸಂತಾನದಿಂದ ಮೂರನೆಯದು ತೀರುತ್ತದೆ. ಈ ಮೂರರಲ್ಲೂ ಒಂದು ಅನುಕೂಲವಿದೆ. ಕಂತು ತಪ್ಪಿದರೆ ಋಷಿಗಳ ಕಡೆಯಿಂದ ಫೋನ್ ಬರುವುದಿಲ್ಲ. ನಾಲ್ಕನೆಯದಾದ ಕಾರ್ಡ್‌ಋಣದ ವಿಷಯ ಹಾಗಲ್ಲ. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ಮೇಲೆ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕ್ ಮುಹೂರ್ತ ಗೊತ್ತುಮಾಡಿದೆ. ನಡುವಿನ ಹನ್ನೊಂದು ತಾಸು ಸಾಲಗಾರನ ಪಾಲಿಗೆ ಅಖಂಡ ರಾಹುಕಾಲ.

ಈ ನಾಲ್ಕನೆಯ ಋಣವನ್ನು ಮನೆಖರ್ಚು ಕಡಿಮೆ ಮಾಡಿ ತೀರಿಸಬಹುದೆಂಬ ಮತವೊಂದು ನಮ್ಮಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ತಿಂಗಳ ಕೊನೆಯ ವಾರದಲ್ಲಿ ಅದಕ್ಕೆ ಅನುಯಾಯಿಗಳು ಹೆಚ್ಚು, ಒಂದನೇ ತಾರೀಖು ಕಡಿಮೆ. ಆ ಮತದ ಪ್ರಮಾಣ, ಪ್ರಯೋಜನ, ಅಧಿಕಾರಿಗಳನ್ನು ಪರೀಕ್ಷಿಸುವುದೇ ಈ ಗ್ರಂಥದ ಉದ್ದೇಶ.

ಪೂರ್ವಪಕ್ಷ ಚಾರ್ವಾಕನದು. ಸಾಲ ಮಾಡಿಯಾದರೂ ತುಪ್ಪ ಕುಡಿ ಎಂದವನು ಅವನೆಂದು 14ನೇ ಶತಮಾನದ ಸರ್ವದರ್ಶನ ಸಂಗ್ರಹ ದಾಖಲಿಸಿದೆ. ಸುಟ್ಟು ಬೂದಿಯಾದ ದೇಹ ಮರಳಿ ಬರುವುದಿಲ್ಲ ಎಂಬುದು ಅವನ ಹೇತು. ಬ್ಯಾಂಕಿನವರು ಇದನ್ನೇ ಎನ್‌ಪಿಎ ಅನ್ನುತ್ತಾರೆ. ಚಾರ್ವಾಕನ ದರ್ಶನದಲ್ಲಿ ನನಗೆ ಒಂದೇ ಕೊರತೆ ಕಾಣುತ್ತದೆ. ಅವನಿಗೆ ಸಾಲ ಕೊಟ್ಟವರು ಯಾರು, ಜಾಮೀನು ಯಾರು ಹಾಕಿದರು ಎಂಬುದನ್ನು ಅವನು ಎಲ್ಲೂ ಹೇಳಿಲ್ಲ. ಜಾಮೀನು ಹಾಕಿದವನ ದರ್ಶನ ಏನಿತ್ತೆಂಬುದು ತಿಳಿದಿದ್ದರೆ ಭಾರತೀಯ ತತ್ತ್ವಶಾಸ್ತ್ರದ ಇತಿಹಾಸವೇ ಬೇರೆಯಾಗುತ್ತಿತ್ತು.

ಇನ್ನು ಕೌಟಿಲ್ಯ. ಇವನ ವಿಷಯದಲ್ಲಿ ಕನ್ನಡಿಗರಿಗೆ ಮಾತಾಡುವ ಹಕ್ಕು ತುಸು ಹೆಚ್ಚೇ ಇದೆ. ಅರ್ಥಶಾಸ್ತ್ರದ ಓಲೆಗರಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಗ್ರಂಥ ಅಚ್ಚಾದದ್ದು 1909ರಲ್ಲಿ. ಅದರಲ್ಲಿ ಬಡ್ಡಿಯ ದರಪಟ್ಟಿಯೇ ಇದೆ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮಬಡ್ಡಿ. ವ್ಯಾಪಾರಕ್ಕಾದರೆ ಐದು. ಕಾಡು ಹಾದು ಹೋಗುವವರಿಗೆ ಹತ್ತು. ಸಮುದ್ರದ ಮೇಲೆ ಹೋಗುವವರಿಗೆ ಇಪ್ಪತ್ತು. ಹುಲಿ ತಿಂದರೆ, ಹಡಗು ಮುಳುಗಿದರೆ ಅಸಲೂ ಹೋಗುತ್ತದಲ್ಲ, ಅದಕ್ಕೆ.

ಈಗ ಕಾರ್ಡಿನ ಬಾಕಿಯ ಮೇಲೆ ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿ ನಡೆಯುತ್ತದೆ, ಅಂದರೆ ವರ್ಷಕ್ಕೆ ಶೇ 42. ಕೌಟಿಲ್ಯನ ಪಟ್ಟಿಯಲ್ಲಿ ಇದನ್ನು ಹುಡುಕಿದರೆ ಸಿಗುವುದು ಧರ್ಮವನ್ನು ದಾಟಿದ, ಕಾಡನ್ನು ಇನ್ನೂ ತಲುಪದ ಜಾಗದಲ್ಲಿ. ರಾಜಾಜಿನಗರದಲ್ಲಿ ಕೂತು ಕಂತಿನಲ್ಲಿ ಫ್ರಿಜ್ ತಗೊಂಡ ಗೃಹಸ್ಥ ಕೌಟಿಲ್ಯನ ಲೆಕ್ಕದಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಪರದೇಶಕ್ಕೆ ಹೊರಟ ವರ್ತಕ. ಮೊಬೈಲಿನಲ್ಲಿ ಐದೇ ನಿಮಿಷದಲ್ಲಿ ಸಾಲ ಕೊಡುವ ಆಪ್‌ಗಳಿವೆಯಲ್ಲ, ಅವುಗಳಲ್ಲಿ ಕೆಲವು ಗ್ರಾಹಕನನ್ನು ಸೀದಾ ಹಡಗು ಹತ್ತಿಸುತ್ತವೆ.

‘ನೋ ಕಾಸ್ಟ್ ಇಎಂಐ’ ಎಂಬ ಪದಾರ್ಥವನ್ನೂ ಇಲ್ಲೇ ವಿಚಾರ ಮಾಡಿಬಿಡುವುದು ಒಳ್ಳೆಯದು. ತಾರ್ಕಿಕರು ಮೊಲದ ಕೊಂಬು, ಬಂಜೆಯ ಮಗ, ಆಕಾಶದ ಹೂವು ಎಂದು ಇಲ್ಲದ ವಸ್ತುಗಳ ಪಟ್ಟಿ ಮಾಡಿದ್ದಾರೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ ಎಂದು 2013ರಲ್ಲಿ ರಿಸರ್ವ್ ಬ್ಯಾಂಕ್ ಆ ಪಟ್ಟಿಗೆ ನಾಲ್ಕನೆಯದನ್ನು ಸೇರಿಸಿತು. ಆದರೂ ದೀಪಾವಳಿ ಬಂದಾಗಲೆಲ್ಲ ಮೊಲಕ್ಕೆ ಕೊಂಬು ಮೂಡುತ್ತದೆ. ಅದಕ್ಕೆ ಪ್ರೊಸೆಸಿಂಗ್ ಫೀ ಬೇರೆ.

ಕನಿಷ್ಠ ಪಾವತಿಯ ತತ್ತ್ವಕ್ಕೆ ಬರೋಣ. ಬಾಕಿ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ತಿಂಗಳ ಬಡ್ಡಿ 2,100. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ 378. ಒಟ್ಟು 2,478. ಶೇ 5ರಂತೆ ಕನಿಷ್ಠ ಪಾವತಿ 3,000 ಕಟ್ಟಿದವನು ಸಾಲ ಕರಗಿತೆಂದು ನಿಟ್ಟುಸಿರು ಬಿಡುತ್ತಾನೆ. ಅಸಲಿಗೆ ಮುಟ್ಟಿದ್ದು 522 ರೂಪಾಯಿ. ಹೊಸದಾಗಿ ಒಂದು ಬೆಂಕಿಪೊಟ್ಟಣವನ್ನೂ ಕೊಳ್ಳದೆ ತಿಂಗಳು ತಿಂಗಳು ಶೇ 5 ಕಟ್ಟುತ್ತ ಹೋದರೂ ಸಾಲ ಅರ್ಧಕ್ಕಿಳಿಯಲು ಐದು ವರ್ಷದ ಮೇಲೆ ಬೇಕು.

ಈ ಮಾರ್ಗದ ಆದಿಪುರುಷನನ್ನು ತಿರುಮಲೆಯಲ್ಲಿ ಕಾಣಬಹುದು. ಮದುವೆಗೆಂದು ಕುಬೇರನಿಂದ ಸಾಲ ಪಡೆದ ತಿಮ್ಮಪ್ಪ ಇಂದಿಗೂ ಬಡ್ಡಿಯನ್ನಷ್ಟೇ ಕಟ್ಟುತ್ತಿದ್ದಾನೆ, ಅಸಲು ಕಲಿಯುಗದ ಕೊನೆಗೆ ಎಂಬುದು ಭಕ್ತರ ನಂಬಿಕೆ. ಕಲಿಯುಗದ ಅವಧಿ 4,32,000 ವರ್ಷ. ಮೂವತ್ತು ವರ್ಷದ ಗೃಹಸಾಲಕ್ಕೆ ಸಹಿ ಹಾಕುವಾಗ ಕೈ ನಡುಗುವವರು ಇದನ್ನು ನೆನೆದರೆ ಧೈರ್ಯ ಬರುತ್ತದೆ. ಒಂದೇ ವ್ಯತ್ಯಾಸವೆಂದರೆ ಸ್ವಾಮಿಯ ಬಡ್ಡಿಗೆ ಊರೆಲ್ಲ ಹುಂಡಿಗೆ ಹಾಕುತ್ತದೆ. ನಮ್ಮ ಬಡ್ಡಿಗೆ ಹುಂಡಿ ಇಟ್ಟರೆ ಪೊಲೀಸರು ಬರುತ್ತಾರೆ.

ಇನ್ನು ಸಾಧನ ಪ್ರಕರಣ. ಬೆಂಗಳೂರಿನ ದರ್ಶಿನಿಗಳಲ್ಲಿ ಸಿಗುವ ಮಿತವ್ಯಯದ ಶ್ರೇಷ್ಠ ಆವಿಷ್ಕಾರ ಬೈಟು ಕಾಫಿ. ನೊರೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಬೈಟುವಿನ ಎರಡು ಅರ್ಧ ಸೇರಿ ಒಂದಕ್ಕಿಂತ ಹೆಚ್ಚಾಗುವುದನ್ನು ಅನುಭವಿಗಳು ಕಂಡಿದ್ದಾರೆ. ಗಣಿತಜ್ಞರು ಇನ್ನೂ ಅತ್ತ ಗಮನ ಕೊಟ್ಟಿಲ್ಲ. ಕಾಫಿಗೆ 20 ರೂಪಾಯಿ ಎಂದಿಟ್ಟುಕೊಂಡರೆ ಅರ್ಧ ಬಿಟ್ಟವನಿಗೆ ಉಳಿತಾಯ 10. ಮೇಲೆ ಹೇಳಿದ 2,478 ರೂಪಾಯಿಯನ್ನು ಇದರಲ್ಲೇ ಹುಟ್ಟಿಸಬೇಕಾದರೆ ತಿಂಗಳಿಗೆ 248 ಅರ್ಧ ಕಾಫಿ ಬಿಡಬೇಕು, ದಿನಕ್ಕೆ ಎಂಟರ ಮೇಲೆ. ಇಷ್ಟು ಮಾಡಿದರೆ ಸಾಲ ಇದ್ದಲ್ಲೇ ಇರುತ್ತದೆ. ತೀರಬೇಕಾದರೆ ಇನ್ನೂ ಬಿಡಬೇಕು.

ಇಲ್ಲೊಂದು ಗಹನವಾದ ಶಂಕೆ ಏಳುತ್ತದೆ. ದಿನಕ್ಕೆ ಎಂಟು ಅರ್ಧ ಕಾಫಿ ಬಿಡಬೇಕಾದರೆ ಮೊದಲು ದಿನಕ್ಕೆ ಎಂಟು ಕಾಫಿ ಕುಡಿಯುವ ರೂಢಿ ಇರಬೇಕಲ್ಲ? ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ, ಸಂಜೆ ಒಂದು ಲೋಟ, ಅದೂ ಅತಿಥಿಗಳಿಗೆ ಇಳಿಸಿದ ಮೇಲೆ ಉಳಿದ ಎರಡನೇ ಡಿಕಾಕ್ಷನ್ ಕುಡಿಯುವವನು ಏನನ್ನು ಬಿಟ್ಟಾನು? ಇಲ್ಲಿಂದ ಸಿದ್ಧಾಂತ ತಾನಾಗಿಯೇ ಹೊರಡುತ್ತದೆ: ಹಿಂದೆ ದುಂದು ಮಾಡಿದವನೇ ಮಿತವ್ಯಯಕ್ಕೆ ಅಧಿಕಾರಿ. ಹುಟ್ಟಿದಂದಿನಿಂದ ಕೈ ಬಿಗಿಹಿಡಿದವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ.

ಇದು ಒಣ ತರ್ಕ ಎನ್ನುವವರಿಗೆ ಸರ್ಕಾರಿ ಪ್ರಮಾಣವೂ ಇದೆ. 2023ರಲ್ಲಿ ಗೃಹಜ್ಯೋತಿ ಬಂದಾಗ ಉಚಿತ ವಿದ್ಯುತ್ತಿನ ಮೇಲ್ಮಿತಿ 200 ಯೂನಿಟ್. ಆದರೆ ಪ್ರತಿ ಮನೆಯ ಪಾಲನ್ನು ಅಳೆದದ್ದು 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ. ಆ ವರ್ಷ ಫ್ಯಾನ್ ಆರಿಸಿ, ಮುಖಕ್ಕೆ ದಿನಪತ್ರಿಕೆ ಬೀಸಿಕೊಂಡು ಬೆವರಿದವನಿಗೆ ಪಾಲು ಕಡಿಮೆ ಬಂತು. ಗೀಸರ್ ಹಾಕಿ ಮರೆತು ಆಫೀಸಿಗೆ ಹೋದವನಿಗೆ ಹೆಚ್ಚು. ಪೂರ್ವಜನ್ಮದ ಪಾಪವೇ ಈ ಜನ್ಮದ ಪುಣ್ಯವಾಗಿ ಫಲಿಸಿದ ಉದಾಹರಣೆ ಪುರಾಣಗಳಲ್ಲೂ ವಿರಳ.

ಸಿಬಿಲ್ ಅಂಕವೂ ಇದೇ ತತ್ತ್ವವನ್ನು ಪುಷ್ಟಿಗೊಳಿಸುತ್ತದೆ. 300ರಿಂದ 900ರವರೆಗಿನ ಈ ಮಾಪಕದಲ್ಲಿ, ಜೀವಮಾನದಲ್ಲಿ ಯಾರ ಹತ್ತಿರವೂ ಕೈ ಚಾಚದ ಸಜ್ಜನನಿಗೆ ಅಂಕವೇ ಇಲ್ಲ. ಅವನು ನಂಬಿಕೆಗೆ ಅರ್ಹನೋ ಅಲ್ಲವೋ ಬ್ಯಾಂಕಿಗೆ ಗೊತ್ತಾಗುವುದಿಲ್ಲ. ಸಾಲ ಮಾಡಿ, ತೀರಿಸಿ, ಮತ್ತೆ ಮಾಡಿದವನು 750 ದಾಟಿ ಪೂಜ್ಯನಾಗುತ್ತಾನೆ.

ಪಾಕಶಾಸ್ತ್ರದ ಕಡೆ ತಿರುಗಿದರೆ ನಮ್ಮ ಹೆಂಗಸರ ಸಾಧನೆ ನೋಡಿ ತಲೆ ಬಾಗುತ್ತದೆ. ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ. ಬೇಳೆ ಬೇಯಿಸಿದ ಕಟ್ಟು ಸಾರು. ದೊಡ್ಡಪತ್ರೆ ಎರಡು ಎಲೆ ಇದ್ದರೆ ತಂಬುಳಿ. ಕಲ್ಲಂಗಡಿಯ ಬಿಳಿ ಭಾಗ ದೋಸೆಹಿಟ್ಟಿಗೆ. ಬಿಸಾಡುವುದೆಂಬ ಕ್ರಿಯಾಪದವೇ ಇಲ್ಲದ ಅಡುಗೆಮನೆ ಇದು. ಇಲ್ಲಿ ಇನ್ನೂ ಉಳಿಸಿ ಎಂದು ಉಪದೇಶ ಮಾಡಲು ಹೋಗುವ ಗಂಡಸರು ಮೊದಲು ಹೀರೇಕಾಯಿ ಸಿಪ್ಪೆ ಚಟ್ನಿಯನ್ನು ಅಧ್ಯಯನ ಮಾಡಬೇಕು. ನಾನು ಮಾಡಿದ್ದೇನೆ. ಸಿಪ್ಪೆ ಬಿಟ್ಟಿ, ನಿಜ. ಆದರೆ ಅದು ಚಟ್ನಿಯಾಗಲು ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಚೂರು ಬೆಲ್ಲ, ಅರ್ಧ ಹೋಳು ತೆಂಗಿನಕಾಯಿ, ಎಣ್ಣೆ, ಇಂಗು ಬೇಕು. ಈಗಿನ ತೆಂಗಿನಕಾಯಿ ಬೆಲೆಯಲ್ಲಿ ಸಿಪ್ಪೆಯನ್ನು ಉಳಿಸಲು ತಗಲುವ ಖರ್ಚು ಹೀರೇಕಾಯಿಯನ್ನು ಮೀರುತ್ತದೆ. ಅಂದರೆ ಸಿಪ್ಪೆಯೇ ಪ್ರಧಾನ, ಕಾಯಿ ಆನುಷಂಗಿಕ. ಚಟ್ನಿ ಮಾತ್ರ ಬಲು ರುಚಿ. ಅನ್ನ ಎರಡು ಸೌಟು ಹೆಚ್ಚು ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಇನ್ನು ಕೆಲವು ಖರ್ಚುಗಳು ನಮ್ಮ ಅಂಕೆಗೇ ಸಿಕ್ಕುವುದಿಲ್ಲ. 2024ರ ಜೂನಿನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹಾಲು ಸೇರಿ, ಬೆಲೆಗೆ 2 ರೂಪಾಯಿ ಸೇರಿತು. ಹಾಲು ಕಡಿಮೆ ಮಾಡೋಣ ಎಂದು ಅವತ್ತೇ ಸಂಕಲ್ಪ ಮಾಡಿದ್ದ ಗೃಹಸ್ಥನ ಮನೆಗೆ ಹೆಚ್ಚು ಹಾಲು ಬಂತು. ಸೊಪ್ಪಿನವಳು ಗಾಡಿಯಿಂದ ಕೊಸರೆಂದು ಎಸೆಯುತ್ತಿದ್ದ ಕರಿಬೇವು ಈಗ ಹತ್ತು ನಿಮಿಷದ ಡೆಲಿವರಿಯಲ್ಲಿ ಪ್ಲಾಸ್ಟಿಕ್ ಡಬ್ಬಿ ಸಮೇತ ಬರುತ್ತದೆ, ಮೇಲೊಂದು ಹ್ಯಾಂಡ್ಲಿಂಗ್ ಚಾರ್ಜ್.

ಯಾವ ಸಾಲವನ್ನು ಮೊದಲು ತೀರಿಸಬೇಕು ಎಂಬಲ್ಲಿ ಎರಡು ಪಂಥಗಳಿವೆ. ಸಣ್ಣಸಾಲ ಪಂಥದವರು ಚಿಕ್ಕದನ್ನು ಮುಗಿಸಿದರೆ ಮನಸ್ಸಿಗೆ ಹುರುಪು ಬರುತ್ತದೆ ಎನ್ನುತ್ತಾರೆ. ದೊಡ್ಡಬಡ್ಡಿ ಪಂಥದವರು ಹುರುಪು ಹಾಳಾಗಲಿ, ಮೊದಲು ಶೇ 42ರದ್ದನ್ನು ಕೊಲ್ಲು ಎನ್ನುತ್ತಾರೆ. ಲೆಕ್ಕ ಎರಡನೆಯವರ ಕಡೆಗಿದೆ, ಮನುಷ್ಯಸ್ವಭಾವ ಮೊದಲನೆಯವರ ಕಡೆಗೆ. ಕಾರಿನ ಸಾಲವನ್ನು ಎರಡೂ ಪಂಥದವರು ಚರ್ಚೆಗೆ ಎತ್ತಿಕೊಳ್ಳುವುದಿಲ್ಲ. ಅದಕ್ಕೆ ಆಗಲೇ ಕವರ್ ಹೊದಿಸಿಯಾಗಿದೆ.

ಎರಡೂ ಪಂಥಗಳು ಮುಗ್ಗರಿಸುವುದು ಭಾವಮೈದುನನ ಮುಂದೆ. ಅವನಿಂದ ತಂದ ಸಾಲಕ್ಕೆ ಬಡ್ಡಿ ಇಲ್ಲ, ಪತ್ರ ಇಲ್ಲ, ಗಡುವೂ ಇಲ್ಲ. ಗಣಿತದ ಪ್ರಕಾರ ಅದನ್ನು ಕೊನೆಗೆ ತೀರಿಸಬೇಕು. ಆದರೆ ಅವನು ಗೌರಿಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಡಲು ಬಂದವನು ಅಡುಗೆಮನೆ ಕಡೆ ಒಮ್ಮೆ ಇಣುಕುತ್ತಾನೆ.

“ಏನ್ ಭಾವ, ಮಿಕ್ಸಿ ಹೊಸದು ಬಂದ ಹಾಗಿದೆ?”

“ಇಲ್ಲಪ್ಪ, ಹಳೇದೇ. ಹಬ್ಬ ಅಂತ ತೊಳೆದಿದ್ದೀವಿ.”

ಈ ಉತ್ತರಕ್ಕೆ ತಗಲಿದ್ದನ್ನು ವಾರ್ಷಿಕ ಶೇಕಡಾ ದರಕ್ಕೆ ಪರಿವರ್ತಿಸುವ ಸೂತ್ರ ಯಾವ ಬ್ಯಾಂಕಿನಲ್ಲೂ ಇಲ್ಲ. ಅದಾದ ಮೇಲೆ ಆರು ತಿಂಗಳು ಹೊಸ ಅಂಗಿಯನ್ನೂ ಹಳೆಯದೆಂಬಂತೆ ಮುದುಡಿ ಹಾಕಿಕೊಳ್ಳಬೇಕಾಗುತ್ತದೆ. ಆದ್ದರಿಂದ ಅನುಭವಿಗಳು ಇದನ್ನೇ ಮೊದಲು ತೀರಿಸುತ್ತಾರೆ, ಕಾರ್ಡಿನಲ್ಲಿ ಹಣ ಎತ್ತಿಯಾದರೂ.

ಕೊನೆಗೆ ಹರಿಶ್ಚಂದ್ರನ ಪ್ರಮಾಣ. ನಮ್ಮ ಪರಂಪರೆಯಲ್ಲಿ ದೊಡ್ಡ ಸಾಲವನ್ನು ಪೂರ್ತಿ ತೀರಿಸಿದ ಖ್ಯಾತಿ ಅವನದು. ರಾಘವಾಂಕನ ಕಾವ್ಯದಲ್ಲಿ ಅವನು ಊಟ ಕಡಿಮೆ ಮಾಡಿ ವಿಶ್ವಾಮಿತ್ರನ ಹೊನ್ನು ಕೂಡಿಸಲು ಹೊರಡುವುದಿಲ್ಲ. ಇದ್ದದ್ದನ್ನು ಮಾರುತ್ತಾನೆ, ಮೇಲೆ ಸುಡುಗಾಡು ಕಾಯುವ ಕೆಲಸ ಹಿಡಿಯುತ್ತಾನೆ. ಆಸ್ತಿ ವಿಲೇವಾರಿ, ಉಪ ಆದಾಯ. ಇದರಿಂದ ನಮ್ಮ ಮಿತವ್ಯಯ ಮತಕ್ಕೆ ಧಕ್ಕೆಯಾಗುತ್ತದೆ ಎಂದು ವಿರೋಧಿಗಳು ಹಿಗ್ಗಬೇಕಾಗಿಲ್ಲ. ಮಾರಾಟದ ಅನುಕ್ರಮವನ್ನು ಗಮನಿಸಿ. ಹೆಂಡತಿ ಮಗ ಮೊದಲು, ತಾನು ಆಮೇಲೆ. ಉಳಿತಾಯದ ಮೊದಲ ಕತ್ತರಿ ಎಲ್ಲಿ ಬೀಳಬೇಕೆಂಬ ವಿಷಯದಲ್ಲಿ ಸತ್ಯಸಂಧನಿಗೂ ನಮಗೂ ಭೇದವಿಲ್ಲ.

ಈ ಪ್ರಬಂಧದ ಕರಡನ್ನು ಮನೆಯಲ್ಲಿ ಓದಿದಾಗ ಗೃಹಿಣಿಯವರು ಒಂದು ಆಕ್ಷೇಪ ಎತ್ತಿದರು.

“ರೀ, ತಿಂಗಳಲ್ಲಿ ಎರಡು ಸಲ ಹೊರಗೆ ಹೋಗೋ ಕಾರಿಗೆ ತಿಂಗಳು ತಿಂಗಳೂ ಕಂತು ಕಟ್ತೀರಿ. ನಾನು ತರೋ ಕೊತ್ತಂಬರಿ ಕಟ್ಟು ಯಾಕೆ ಎಣಿಸ್ತೀರಿ?”

ಪ್ರಶ್ನೆ ಮೇಲ್ನೋಟಕ್ಕೆ ಸಮಂಜಸವೆನಿಸಿದರೂ ಶಾಸ್ತ್ರದಲ್ಲಿ ಇದಕ್ಕೆ ಸಮಾಧಾನವಿದೆ. ಕಾರು ನಿಂತಲ್ಲೇ ನಿಂತಿರುವುದರಿಂದ ಅದು ಸ್ಥಾವರ, ಅಂದರೆ ರಿಜಿಸ್ಟ್ರಾರ್ ಕಚೇರಿಯ ಭಾಷೆಯಲ್ಲಿ ಸ್ಥಿರಾಸ್ತಿ. ಸ್ಥಿರಾಸ್ತಿಯನ್ನು ಮಾರುವ ಮಾತು ಮನೆತನಕ್ಕೆ ಶೋಭೆಯಲ್ಲ. ಕೊತ್ತಂಬರಿ ಸೊಪ್ಪಾದರೋ ಎರಡೇ ದಿನಕ್ಕೆ ಬಾಡುತ್ತದೆ, ಕಟ್ಟಿನಿಂದ ಸಾರಿಗೆ, ಸಾರಿನಿಂದ ತಟ್ಟೆಗೆ ಸಂಚರಿಸುತ್ತದೆ. ಅದು ಜಂಗಮ, ಚರಾಸ್ತಿ. ಕತ್ತರಿ ಚರದ ಮೇಲೆ ಆಡಬಹುದೇ ಹೊರತು ಸ್ಥಿರದ ಮೇಲಲ್ಲ. ಗೃಹಿಣಿಯವರು ಇದನ್ನು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಪ್ರತಿ ಭಾನುವಾರ ಆ ಸ್ಥಾವರಕ್ಕೆ ಮಾಡುವ ಅಭಿಷೇಕದ ಶಾಂಪೂ ಖರ್ಚನ್ನು ದಿನಸಿ ಪಟ್ಟಿಯಲ್ಲಿ ಬರೆಯಬೇಕೋ ದೇವರ ಲೆಕ್ಕದಲ್ಲಿ ಬರೆಯಬೇಕೋ ಎಂದು ಲಿಖಿತ ಸ್ಪಷ್ಟೀಕರಣ ಕೇಳಿದ್ದಾರೆ. ಅರ್ಜಿ ಪರಿಶೀಲನೆಯಲ್ಲಿದೆ.