ಒಗ್ಗರಣೆಗೆ ಮುಂಚಿನ ರಾಯರು

ಮೈಸೂರು ಸೀಮೆಯ ಅಡಿಗೆಯು ಅಕ್ಕಿ ತೊಳೆಯುವುದರಿಂದ ಮೊದಲಾಗುವುದೇನೋ ನಿಜ. ಆದರೆ ಅದು ಅಡಿಗೆಯೆಂಬ ಪದವಿಗೆ ಏರುವುದು, ಕಾದ ಎಣ್ಣೆಯಲ್ಲಿ ಸಾಸಿವೆ ಚಟಪಟನೆ ಸಿಡಿದು, ಇಂಗು ಕರಿಬೇವುಗಳ ಸಮೇತ ಆ ಒಗ್ಗರಣೆಯ ಸೌಟು ಪಾತ್ರೆಯೊಳಗೆ ಚುಂಯ್ ಎಂದು ಮುಳುಗಿದ ಮೇಲೆಯೇ. ಸಾರು, ಹುಳಿ, ಪಲ್ಯ, ಗೊಜ್ಜು, ಕೋಸಂಬರಿ, ಉಪ್ಪಿಟ್ಟು, ಕಡೆಗೆ ನಿರುಪದ್ರವಿಯಾದ ಮೊಸರನ್ನವೂ ಈ ಸಂಸ್ಕಾರಕ್ಕೆ ಹೊರತಲ್ಲ. ಪಥ್ಯದ ಮಹನೀಯರು ಪ್ರತಿಯೊಂದು ಬಂಧುವರ್ಗದಲ್ಲಿಯೂ ಒಬ್ಬರಾದರೂ ಇರುವರಷ್ಟೆ. ಒಬ್ಬರಿಗೆ ಬದನೆಕಾಯಿ ಆಗದು, ಮತ್ತೊಬ್ಬರಿಗೆ ಕಡಲೆಕಾಯಿ ಆಗದು. ನಮ್ಮ ಬಂಧುವರ್ಗದ ರಾಯರಿಗೆ ಮಾತ್ರ ವಿಧಿಯು, ಬೇರೆಲ್ಲವನ್ನೂ ಬಿಟ್ಟು, ಸಾಸಿವೆಯನ್ನೇ ಆರಿಸಿಕೊಟ್ಟಿತು.

ರಾಯರು ಮದುವೆಮನೆಗೆ ದಯಮಾಡಿಸಿದರೆಂದರೆ ವಧೂವರರಿಗೆ ಅಕ್ಷತೆ ಹಾಕುವುದಕ್ಕೆ ಮುಂಚೆ ಅಡಿಗೆಯ ಭಟ್ಟರ ದರ್ಶನವಾಗಬೇಕು. "ಒಗ್ಗರಣೆಗೆ ಮುಂಚೆ ನನಗೆ ಒಂದಿಷ್ಟು ತೆಗೆದಿಡಿ" ಎಂದು ಅವರು ವಿನಯದಿಂದ ಬೇಡುವರು. "ಅದಕ್ಕೇನು ಸ್ವಾಮಿ, ಧಾರಾಳವಾಗಿ" ಎಂದು ಭಟ್ಟರು ಅಷ್ಟೇ ವಿನಯದಿಂದ ಒಪ್ಪಿ, ಪಕ್ಕದ ಕೊಳದಪ್ಪಲೆಯ ಪಲ್ಯವನ್ನು ಅದೇ ತಾನೇ ಕೈಯಾಡಿಸಿದ್ದ ಸೌಟನ್ನು, ಅದರ ಬೆನ್ನಿಗೆ ಅಂಟಿದ ನಾಲ್ಕು ಕರಿಯ ಕಾಳುಗಳ ಸಹಿತವಾಗಿ, ರಾಯರ ಪಾಲಿನ ತೊವ್ವೆಗೆ ಅದ್ದುವರು. ಆ ಕ್ಷಣದಲ್ಲಿ ರಾಯರು ಸೌಟನ್ನು ನೋಡುವ ನೋಟವನ್ನು ವರ್ಣಿಸುವ ಶಕ್ತಿ ನನಗಿಲ್ಲ.

ಆದರೆ ಭಟ್ಟರಿಂದ ಬರುವ ಅಪಾಯ ಅಲ್ಪವಾದದ್ದು. ಜಗತ್ತಿನಲ್ಲಿ ರಾಯರಿಗೆ ಸಾಸಿವೆ ಉಣಿಸಿದವರೆಲ್ಲರೂ ಅವರ ಹಿತೈಷಿಗಳೇ. ಅವರ ಸೋದರತ್ತೆಯವರು ಒಮ್ಮೆ ಒಂದು ದೊಡ್ಡ ತಟ್ಟೆಯ ಚಿತ್ರಾನ್ನವನ್ನು ಮುಂದಿಟ್ಟು, "ನಿನಗೋಸ್ಕರ ಒಂದೊಂದೇ ಕಾಳು ಆರಿಸಿ ತೆಗೆದಿದ್ದೀನಿ ಕಣೋ, ಬೆಳಗಿನಿಂದ ಕೂತು ಕಣ್ಣೇ ಹೋಯಿತು" ಎಂದರು. ಕಾಳನ್ನು ತೆಗೆದರೂ ಅದರ ಪ್ರೋಟೀನು ಎಣ್ಣೆಯೊಡನೆ ಅನ್ನಕ್ಕೆಲ್ಲ ಹತ್ತಿರುತ್ತದೆಂದೂ, ಅದು ಒಲೆಯ ಉರಿಗಾಗಲಿ ಜಠರಾಗ್ನಿಗಾಗಲಿ ಸುಲಭವಾಗಿ ಜಗ್ಗುವಂಥದಲ್ಲವೆಂದೂ, ಅರೆದ ಸಾಸಿವೆ ಮೂಗಿಗೇರುವುದಕ್ಕೂ ಈ ವ್ಯಾಧಿಗೂ ಸಂಬಂಧವಿಲ್ಲವೆಂದೂ ರಾಯರು ಸಾವಧಾನವಾಗಿ ವಿವರಿಸಲಾಗಿ, ಅತ್ತೆಯವರು ಎಲ್ಲವನ್ನೂ ಕೇಳಿ, "ನಮ್ಮ ಕಾಲದಲ್ಲಿ ಪ್ರೋಟೀನು ಅನ್ನೋದೇ ಇರಲಿಲ್ಲಪ್ಪ" ಎಂದು ಇನ್ನೊಂದು ಸೌಟು ಬಡಿಸಿದರು. ವೃದ್ಧೆಯ ಕಣ್ಣಿನ ಶ್ರಮಕ್ಕೆ ಕರಗಿ ರಾಯರು ಒಂದು ತುತ್ತು ತಿಂದರು. ತುಟಿ ಊದಿತು, ಮೈಯೆಲ್ಲ ದದ್ದೆದ್ದಿತು, ಉಸಿರು ಕಟ್ಟಿತು. ಕೈಚೀಲದಲ್ಲಿ ಸದಾ ಇರುವ ಅಡ್ರಿನಲಿನ್ ಸೂಜಿಮದ್ದು ತೊಡೆಗೆ ಚುಚ್ಚಿಸಿಕೊಂಡು ಆಸ್ಪತ್ರೆ ಸೇರಿದ್ದರಿಂದ ಜೀವ ಉಳಿಯಿತು. ಮರುದಿನ ಅವರು ಮನೆಗೆ ಮರಳಿದಾಗ, ಮಗುವಿಗೆ ಯಾರದೋ ಕಣ್ಣು ತಾಗಿದೆಯೆಂದು ನಿಶ್ಚಯಿಸಿದ್ದ ಅತ್ತೆಯವರು ಬಾಗಿಲಲ್ಲಿಯೇ ತಡೆದು ನಿಲ್ಲಿಸಿ, ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ ಮತ್ತು ಸಾಸಿವೆಯನ್ನು ಹಿಡಿದು ಮೂರು ಸಾರಿ ನಿವಾಳಿಸಿ, ಕೆಂಡಕ್ಕೆ ಸುರಿಯಲು ಹೊರಟರು. ರಾಯರು ಆ ದಿನ ಅರವತ್ತರ ವಯಸ್ಸಿಗೆ ಉಚಿತವಲ್ಲದ ವೇಗದಿಂದ ಬೀದಿಯ ಕೊನೆಯವರೆಗೆ ಓಡಿದುದನ್ನು ಕಂಡವರು ಇಂದಿಗೂ ಇದ್ದಾರೆ.

ಅಂದಿನಿಂದ ರಾಯರು ವಿದ್ವಾಂಸರಾದರು. ಅಲರ್ಜಿಯೆಂಬ ಶಬ್ದವನ್ನು 1906ರಲ್ಲಿ ವಿಯೆನ್ನಾ ನಗರದ ವೈದ್ಯ ಫಾನ್ ಪಿರ್ಕೆ ರೂಢಿಗೆ ತಂದನೆಂಬುದನ್ನು, ಕೇಳದವರಿಗೂ ತಿಳಿಸುವರು. ಐರೋಪ್ಯ ಒಕ್ಕೂಟದ ಕಾನೂನಿನಂತೆ ಪೊಟ್ಟಣದ ಮೇಲೆ ಕಡ್ಡಾಯವಾಗಿ ಹೆಸರಿಸಬೇಕಾದ 14 ಅಲರ್ಜಿಕಾರಕಗಳಲ್ಲಿ ಸಾಸಿವೆಯೂ ಒಂದೆಂದು ಹೇಳುವಾಗ ಅವರ ಮುಖದಲ್ಲಿ ತಮ್ಮ ಶತ್ರುವಿಗೆ ರಾಜಮನ್ನಣೆ ದೊರೆತ ತೃಪ್ತಿ ಕಾಣುವುದು. ನಮ್ಮ ದೇಶದ 2020ರ ನಿಯಮಾವಳಿಯ ಅಲರ್ಜಿಕಾರಕಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲವೆಂದು ಹೇಳುವಾಗ ಆ ಮುಖ ಬಾಡುವುದು. ಅಂಗಡಿಯಲ್ಲಿ ಅವರು ಕನ್ನಡಕವನ್ನು ಹಣೆಗೇರಿಸಿ, ಪೊಟ್ಟಣವನ್ನು ಮೂಗಿಗೆ ತಾಗಿಸಿ, "ಮಸಾಲೆ ಪದಾರ್ಥಗಳು" ಎಂಬ ಒಂದೇ ಮಾತಿನ ಮುಂದೆ ಕಾಲು ಗಂಟೆ ನಿಲ್ಲುವರು. ಅವರ ಹಿಂದೆ ಸಾಲಿನಲ್ಲಿ ನಿಲ್ಲುವ ದುರದೃಷ್ಟ ಯಾರಿಗೂ ಬೇಡ.

ಸಾಸಿವೆಯ ಸೋಂಕಿಲ್ಲದ ಪದಾರ್ಥಗಳು ಪ್ರಾಯಶಃ ಸಿಹಿಯೇ ಆದ್ದರಿಂದ, ಪಂಕ್ತಿಯಲ್ಲಿ ರಾಯರ ಎಲೆಯ ಮುಕ್ಕಾಲು ಪಾಲು ಬರಿದಾಗಿದ್ದು, ಉಳಿದ ಕಾಲು ಪಾಲಿನಲ್ಲಿ ಹೋಳಿಗೆ, ಪಾಯಸ, ಮೈಸೂರುಪಾಕುಗಳು ಒಂದರ ಮೇಲೊಂದು ವಿರಾಜಿಸುವುವು. ಇಡೀ ರೋಗವೇ ಎರಡನೆಯ ಹೋಳಿಗೆಗಾಗಿ ಹೂಡಿದ ತಂತ್ರವೆಂದು ಆಡಿಕೊಳ್ಳುವವರುಂಟು; ಆಸ್ಪತ್ರೆಯ ಸಂಗತಿಯನ್ನು ಬಲ್ಲ ನಾನು ಅದನ್ನು ಒಪ್ಪಲಾರೆ, ಮೂರನೆಯ ಹೋಳಿಗೆಯ ವಿಷಯದಲ್ಲಿ ಮಾತ್ರ ಏನೂ ಹೇಳಲಾರೆ. ಕಾಲಕ್ರಮದಲ್ಲಿ ಸಕ್ಕರೆ ಕಾಯಿಲೆಯೂ ಕಾಣಿಸಿಕೊಂಡು, ಎರಡನೆಯ ವೈದ್ಯರು ಸಿಹಿಯನ್ನೂ ನಿಷೇಧಿಸಲು, ಇಬ್ಬರ ಆಜ್ಞೆಗಳ ನಡುವೆ ರಾಯರಿಗೆ ಉಳಿದದ್ದು ಮೆಣಸು ಜೀರಿಗೆಯ ಖಾರದ ಪೊಂಗಲು.

ಮೊನ್ನೆಯ ಮದುವೆಯಲ್ಲಿ ವಿಚಿತ್ರವೊಂದು ಸಂಭವಿಸಿತು. ಪಂಕ್ತಿಯಲ್ಲಿ ರಾಯರ ಪಕ್ಕಕ್ಕೆ ಕುಳಿತ ಅಪರಿಚಿತರು ಕೈಯನ್ನು ಎಲೆಗೆ ಅಡ್ಡ ಹಿಡಿದು, "ಸಾಸಿವೆ ನನಗಾಗದು" ಎಂದರು. ಸಮಾನದುಃಖಿ ದೊರೆತುದಕ್ಕೆ ರಾಯರು ಹಿಗ್ಗುವರೆಂದು ನಾನು ಎಣಿಸಿದೆ. ಅದಾಗಲಿಲ್ಲ. "ತಮಗೆ ತುರಿಕೆಯೊ, ಉಸಿರೇ ಕಟ್ಟುವುದೊ?" ಎಂದು ರಾಯರು ಗಂಭೀರವಾಗಿ ಪರೀಕ್ಷೆಗೆ ತೊಡಗಿದರು. ಬರಿಯ ತುರಿಕೆಯೆಂದು ತಿಳಿದಾಗ ಅವರ ಮುಖವು ಪ್ರಸನ್ನವಾಗಿ, ತಮ್ಮ ಸೂಜಿಮದ್ದನ್ನು ತೆಗೆದು ತೋರಿಸುವಷ್ಟು ಔದಾರ್ಯವೂ ಬಂದಿತು. ಅಷ್ಟರಲ್ಲಿ ಆ ಮಹಾಶಯರು, "ಆದರೆ ನನಗೆ ಎಳ್ಳೂ ಆಗದು, ಅದರಿಂದ ಎರಡು ಸಾರಿ ಆಸ್ಪತ್ರೆ ಕಂಡಿದ್ದೇನೆ" ಎಂದುಬಿಟ್ಟರು. ರಾಯರು ಸೂಜಿಮದ್ದನ್ನು ಒಳಗಿಟ್ಟು, ಊಟ ಮುಗಿಯುವ ಪರ್ಯಂತ ಮಾತನಾಡಲಿಲ್ಲ.

ಹಿಂದಿರುಗುವಾಗ ಬಹಳ ಹೊತ್ತಿನ ಮೇಲೆ ಅವರು ಪತ್ನಿಯ ಕಡೆಗೆ ತಿರುಗಿ, "ಸಂಕ್ರಾಂತಿಯ ಎಳ್ಳುಬೆಲ್ಲ ತಿಂದಾಗ ನನ್ನ ಗಂಟಲು ಸ್ವಲ್ಪ ಕೆರೆದಿತ್ತಲ್ಲವೇನೆ?" ಎಂದರು.

"ಅದು ಕೊಬ್ಬರಿ ಸಿಕ್ಕಿಕೊಂಡದ್ದು" ಎಂದರು ಆಕೆ.